ರೇಜರ್ ಹಿಡಿಯಲು ಹೊರಟ ಹುಡುಗರಿಗೆ

ಪ್ರೀತಿಯ ಹುಡುಗರೇ,

ನಿಮ್ಮಲ್ಲಿ ಕೆಲವರಿಗೆ ಮೇಲ್ತುಟಿಯ ಎರಡು ತುದಿಯಲ್ಲಿ ಚಿಗುರುಮೀಸೆ ಈಗಷ್ಟೇ ಕಪ್ಪಾಗುತ್ತಿದೆ. ಕೆಲವರ ಗದ್ದದ ಮೇಲೆ ಅಲ್ಲೊಂದು ಇಲ್ಲೊಂದು ಕೂದಲು ಎದ್ದಿದೆ. ಇನ್ನು ಕೆಲವರ ಕೆನ್ನೆ ಆಗಲೇ ತುಂಬಿದೆ. ಎಲ್ಲರೂ ಒಂದೇ ವಯಸ್ಸಿನವರು, ಒಂದೇ ಬೆಂಚಿನಲ್ಲಿ ಕೂರುವವರು. ಪಿಯು ಕಾಲೇಜಿನ ಮೇಷ್ಟ್ರಾಗಿ ವರ್ಷವರ್ಷವೂ ಈ ಮುಖಗಳನ್ನು ನೋಡುತ್ತ ಬಂದಿದ್ದೇನೆ. ಬ್ಲೇಡು ತಗುಲಿ ಗೀರಿದ ಕತ್ತು, ಕೆಂಪಗೆ ಗುಳ್ಳೆ ಎದ್ದ ದವಡೆ, ಗುಂಪಿನ ಫೋಟೋ ತೆಗೆಯುವಾಗ ಗದ್ದಕ್ಕೆ ಕೈ ಅಡ್ಡ ಹಿಡಿಯುವ ಸಂಕೋಚ, ಗಡ್ಡ ಬಾರದ ಗೆಳೆಯನನ್ನು ಅಡ್ಡಹೆಸರಿಟ್ಟು ಕರೆಯುವ ನಗು, ಎಲ್ಲವನ್ನೂ ಕಂಡಿದ್ದೇನೆ. ಪಾಠದ ನಡುವೆ ಇದನ್ನೆಲ್ಲ ಮಾತಾಡುವುದು ಕಷ್ಟ. ಅದಕ್ಕೇ ಈ ಪತ್ರ.

ನಮ್ಮ ಎಷ್ಟೋ ಮನೆಗಳಲ್ಲಿ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ ಶಾಸ್ತ್ರವಿದೆ, ಒಳ್ಳೆಯ ದಿನ ನೋಡುವುದಿದೆ, ಸೋದರಮಾವನ ತೊಡೆಯಿದೆ, ಸಿಹಿ ಊಟವಿದೆ. ಅದೇ ಮಗು ಬೆಳೆದು ಮೊದಲ ಸಲ ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳುವ ದಿನ ಜೊತೆಗೆ ಯಾರೂ ಇರುವುದಿಲ್ಲ. ಹಳೆಯ ಗೃಹ್ಯಸೂತ್ರಗಳು ಹದಿನಾರನೇ ವಯಸ್ಸಿಗೆ ಕೇಶಾಂತವೆಂಬ ಒಂದು ಸಂಸ್ಕಾರವನ್ನೇ ಹೇಳಿದ್ದವು. ಅದು ಮೊದಲ ಗಡ್ಡ ತೆಗೆಯುವ ಶಾಸ್ತ್ರ. ಈಗ ಅದು ಬಳಕೆ ತಪ್ಪಿಹೋಗಿದೆ. ಉಳಿದಿರುವುದು ಚಿಲಕ ಹಾಕಿದ ಬಚ್ಚಲುಮನೆ, ಅಪ್ಪನ ಹಳೆಯ ರೇಜರ್, ಎಲ್ಲೋ ನೋಡಿದ ಒಂದು ಜಾಹೀರಾತು. ಅಪ್ಪಂದಿರು ಹೇಳಿಕೊಡುವುದಿಲ್ಲ, ಮಕ್ಕಳು ಕೇಳುವುದಿಲ್ಲ. ಕೇಳದೆ ಉಳಿದ ಮಾತನ್ನು ಮಾರುಕಟ್ಟೆಯೇ ಮುಂದೆ ಬಂದು ಹೇಳುತ್ತದೆ, ಅದೂ ತನಗೆ ಬೇಕಾದಷ್ಟನ್ನು ಮಾತ್ರ.

ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಗಡ್ಡ ಬಿಡುವುದೂ ತೆಗೆಯುವುದೂ ನಿಮ್ಮ ಇಷ್ಟ. ಆ ಇಷ್ಟ ತಿಳಿವಳಿಕೆಯಿಂದ ಹುಟ್ಟಲಿ. ನಾಚಿಕೆ, ಹೆದರಿಕೆ, ಜಾಹೀರಾತು ಸೇರಿ ನಿಮ್ಮ ಮುಖವನ್ನು ಆಳುವುದು ಬೇಡ. ನಿಮ್ಮ ಮುಖದ ಅಂದಕ್ಕಾಗಿ ಇನ್ನೊಬ್ಬರ ಮೈಗಾಗಲಿ ಮಾನಕ್ಕಾಗಲಿ ಗಾಯವಾಗುವುದೂ ಬೇಡ.

ಮೊದಲು ನಾಚಿಕೆಯ ಮಾತು. ಗಡ್ಡ ಬೆಳೆಸುವುದು ಗಂಡು ಹಾರ್ಮೋನುಗಳು. ಆದರೆ ಯಾರಿಗೆ ಎಷ್ಟು ದಟ್ಟ ಗಡ್ಡ ಬರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕೂದಲಿನ ಬುಡಗಳು ಆ ಹಾರ್ಮೋನಿಗೆ ಎಷ್ಟು ಸ್ಪಂದಿಸುತ್ತವೆ ಎಂಬುದು. ಅದು ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಂದ ಬಂದ ಬಳುವಳಿ. ಇಬ್ಬರು ಹುಡುಗರ ರಕ್ತದಲ್ಲಿ ಹಾರ್ಮೋನು ಒಂದೇ ಪ್ರಮಾಣದಲ್ಲಿದ್ದರೂ ಒಬ್ಬನಿಗೆ ಕೆನ್ನೆ ತುಂಬ ಗಡ್ಡ, ಇನ್ನೊಬ್ಬನಿಗೆ ಗದ್ದದಲ್ಲಿ ನಾಲ್ಕು ಕೂದಲು ಇರಬಹುದು. ಇಬ್ಬರೂ ಆರೋಗ್ಯವಂತರೇ. ಸಾಮಾನ್ಯವಾಗಿ ಕೂದಲು ಮೊದಲು ಮೇಲ್ತುಟಿಯಲ್ಲಿ, ಆಮೇಲೆ ಕೆನ್ನೆಯ ಮೇಲ್ಭಾಗದಲ್ಲಿ ಮತ್ತು ಕೆಳತುಟಿಯ ಅಡಿಯಲ್ಲಿ, ಕೊನೆಗೆ ಗದ್ದ ದವಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಇಪ್ಪತ್ತು ದಾಟಿದ ಮೇಲೂ ಗಡ್ಡ ತುಂಬಿಕೊಳ್ಳುತ್ತಲೇ ಹೋಗುತ್ತದೆ, ಕೆಲವರಿಗೆ ಮೂವತ್ತರವರೆಗೂ. ಹದಿನೇಳರಲ್ಲಿ ಕನ್ನಡಿ ಮುಂದೆ ನಿಂತು ತೀರ್ಪು ಕೊಟ್ಟುಕೊಳ್ಳುವ ಅಗತ್ಯವೇ ಇಲ್ಲ.

ಹೆರೆದಷ್ಟೂ ಗಡ್ಡ ದಟ್ಟವಾಗುತ್ತದೆ ಎಂಬ ಮಾತನ್ನು ನೀವು ಕೇಳಿದ್ದೀರಿ. ಅದನ್ನು ನಂಬಿ ಕೂದಲೇ ಇಲ್ಲದ ಕೆನ್ನೆಯನ್ನು ದಿನಾ ಕೆರೆದುಕೊಳ್ಳುವ ಹುಡುಗರನ್ನು ನಾನು ಬಲ್ಲೆ. ಮಿಲ್ಡ್ರೆಡ್ ಟ್ರಾಟರ್ ಎಂಬ ಅಮೆರಿಕದ ಅಂಗರಚನಾ ವಿಜ್ಞಾನಿ 1928ರಲ್ಲೇ ಇದನ್ನು ಅಳೆದು ನೋಡಿ, ಹೆರೆಯುವುದರಿಂದ ಕೂದಲಿನ ಬೆಳವಣಿಗೆಗೆ ಏನೂ ಆಗುವುದಿಲ್ಲ ಎಂದು ಬರೆದಿದ್ದರು. ಕೂದಲು ಹುಟ್ಟುವುದು ಚರ್ಮದ ಅಡಿಯ ಬುಡದಲ್ಲಿ. ಬ್ಲೇಡು ಅಲ್ಲಿಗೆ ಮುಟ್ಟುವುದೇ ಇಲ್ಲ. ಹೆರೆಯದ ಕೂದಲಿನ ತುದಿ ಸಣ್ಣಗೆ ಮೊನಚಾಗಿರುತ್ತದೆ, ಹೆರೆದದ್ದರ ತುದಿ ಮೊಂಡಾಗಿರುತ್ತದೆ. ಬೆರಳಾಡಿಸಿದಾಗ ಒರಟೆನಿಸುವುದಕ್ಕೆ, ಕಣ್ಣಿಗೆ ದಪ್ಪವಾಗಿ ಕಾಣುವುದಕ್ಕೆ ಅದೇ ಕಾರಣ.

ಈಗ ಬಾಟಲಿಗಳು ಬಂದಿವೆ. ಗಡ್ಡ ಬರಿಸುವ ಎಣ್ಣೆ ಎಂದು ಮಾರುವ ಬಹುತೇಕ ಎಣ್ಣೆಗಳು ಇರುವ ಗಡ್ಡವನ್ನು ಮೆದುಗೊಳಿಸಬಲ್ಲವು, ಹೊಸ ಬುಡಗಳನ್ನು ಹುಟ್ಟಿಸಲಾರವು. ತಲೆಗೂದಲಿಗೆಂದು ಇರುವ ಮಿನಾಕ್ಸಿಡಿಲ್ ಔಷಧಿಯನ್ನು ಗೆಳೆಯರ ಮಾತು ಕೇಳಿ ಮುಖಕ್ಕೆ ಹಚ್ಚುವವರಿದ್ದಾರೆ. ಅದು ಔಷಧಿ. ಅಡ್ಡಪರಿಣಾಮಗಳೂ ಅದಕ್ಕಿವೆ. ಚರ್ಮದ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ಮೊಡವೆಗೆ, ಹೆರೆದ ಗುಳ್ಳೆಗೆ ಎಂದು ಮೆಡಿಕಲ್ ಶಾಪಿನಲ್ಲಿ ಕೈಗೆ ಸಿಕ್ಕ ಸ್ಟೀರಾಯ್ಡ್ ಇರುವ ಕ್ರೀಮು ತಂದು ಹಚ್ಚುವುದು ಇನ್ನೂ ಅಪಾಯ. ಎರಡು ದಿನ ಮುಖ ನುಣುಪಾಗಿ ಕಂಡು, ಆಮೇಲೆ ಚರ್ಮ ತೆಳುವಾಗಿ ಕೆಂಪೇರಿ, ಆ ಕ್ರೀಮಿಲ್ಲದೆ ಇರಲಾರದ ಸ್ಥಿತಿಗೆ ಬರುತ್ತದೆ.

ಮುಖದ ಕೂದಲಿಗೂ ಗಂಡಸುತನಕ್ಕೂ ಗಂಟು ಹಾಕಿದವರು ಯಾರು ಎಂದು ಹುಡುಕುತ್ತ ಹೋದರೆ ಚರಿತ್ರೆಯಲ್ಲಿ ಮತ್ತೆಮತ್ತೆ ಸಿಗುವುದು ಆಜ್ಞೆ ಹೊರಡಿಸಿದವರು ಮತ್ತು ಸಾಮಾನು ಮಾರಿದವರು. ರಷ್ಯಾದ ದೊರೆ ಪೀಟರ್ 1698ರಲ್ಲಿ ಆಸ್ಥಾನಿಕರ ಗಡ್ಡ ಕತ್ತರಿಸಿ, ಮುಂದೆ ಗಡ್ಡ ಬಿಡುವವರ ಮೇಲೆ ತೆರಿಗೆಯನ್ನೇ ಹಾಕಿದ. ನಮ್ಮ ಹತ್ತಿರದ ಕತೆ ಇನ್ನೂ ಘೋರ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ದಂಡನಾಯಕ ಸರ್ ಜಾನ್ ಕ್ರಾಡಕ್ ಹೊರಡಿಸಿದ ಕಟ್ಟಳೆಯ ಪ್ರಕಾರ ಸಿಪಾಯಿಗಳು ಹಣೆಯ ನಾಮ ವಿಭೂತಿ ಅಳಿಸಬೇಕು, ಗಡ್ಡ ತೆಗೆಯಬೇಕು, ಮೀಸೆಯನ್ನು ಹೇಳಿದ ಅಳತೆಗೆ ಕತ್ತರಿಸಬೇಕು, ಚರ್ಮದ ಬಿಲ್ಲೆಯ ಹೊಸ ಪೇಟ ತೊಡಬೇಕು. ಹಿಂದೂ ಮುಸ್ಲಿಂ ಸಿಪಾಯಿಗಳಿಬ್ಬರೂ ಇದನ್ನು ತಮ್ಮ ಧರ್ಮದ ಮೇಲೆ ಬಿದ್ದ ಕೈ ಎಂದೇ ಕಂಡರು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ದಂಗೆ ಎದ್ದಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನರ ಮಕ್ಕಳನ್ನು ಇರಿಸಿದ್ದು ಅದೇ ಕೋಟೆಯಲ್ಲಿ. ಒಂದೇ ದಿನದೊಳಗೆ ನೂರಾರು ಜೀವ ಹೋದವು. ಕೊನೆಗೆ ಆ ಕಟ್ಟಳೆಯನ್ನು ಕಂಪನಿ ಹಿಂತೆಗೆದುಕೊಂಡಿತು, ಕ್ರಾಡಕ್‌ನನ್ನೂ ಮದರಾಸಿನ ಗವರ್ನರ್ ಬೆಂಟಿಂಕ್‌ನನ್ನೂ ವಾಪಸು ಕರೆಸಿಕೊಂಡಿತು. ಟಿಪ್ಪುವಿನ ಕುಟುಂಬವನ್ನು ಕಲ್ಕತ್ತೆಗೆ ಸಾಗಿಸಲಾಯಿತು.

ಅದೇ ಕಂಪನಿಯ ಮುಂಬಯಿ ಸೈನ್ಯ 1854ರಲ್ಲಿ ತನ್ನ ಬಿಳಿಯ ಪಡೆಗಳು ಕಡ್ಡಾಯವಾಗಿ ಮೀಸೆ ಬಿಡಬೇಕೆಂದಿತು. ಮೀಸೆಯಿಲ್ಲದ ಅಧಿಕಾರಿಗೆ ಈ ನೆಲದಲ್ಲಿ ಮರ್ಯಾದೆ ಸಿಗದು ಎಂಬ ಭಾವನೆ ಅವರಲ್ಲಿ ಅಷ್ಟರೊಳಗೆ ಬೇರೂರಿತ್ತು. ಬ್ರಿಟನ್ನಿನ ಸೈನ್ಯದಲ್ಲೂ ಮೇಲ್ತುಟಿ ಹೆರೆಯಬಾರದೆಂಬ ನಿಯಮ ಬಂದು, ಅದು ರದ್ದಾದದ್ದು ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ. ಆ ಯುದ್ಧದಲ್ಲಿ ತೊಡಬೇಕಾದ, ವಿಷಾನಿಲದಿಂದ ಕಾಪಾಡುವ ಮುಖಕವಚ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ. ಗಾಳಿ ನುಸುಳಿದರೆ ಜೀವ ಹೋಗುತ್ತದೆ. ಕಂದಕದಲ್ಲಿ ನಿಂತ ಲಕ್ಷಾಂತರ ಹುಡುಗರು ದಿನಾ ಗಡ್ಡ ತೆಗೆಯುವುದನ್ನು ಕಲಿತದ್ದು ಅಲ್ಲಿ. ನಯಗೊಳಿಸಿದ ಮುಖವೇ ನಾಗರಿಕ ಮುಖ ಎಂಬ ಮಾತು ಆ ಯುದ್ಧದ ಬೆನ್ನಿಗೆ ಬಲವಾಯಿತು.

ಆ ಮಾತನ್ನು ಜಗತ್ತಿಗೆಲ್ಲ ಮಾರಿದ್ದು ಕಿಂಗ್ ಕ್ಯಾಂಪ್ ಜಿಲೆಟ್. ಮಸೆಯಬೇಕಾದ ಕ್ಷೌರದ ಕತ್ತಿಯ ಬದಲು, ಬಳಸಿ ಬಿಸಾಡುವ ತೆಳ್ಳನೆಯ ಉಕ್ಕಿನ ತಗಡು ಎಂಬುದು ಅವರಿಗೆ ಹೊಳೆದ ಉಪಾಯ. ಅದನ್ನು ಕೈಗೂಡಿಸಿದ್ದು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್. 1901ರಲ್ಲಿ ಬೋಸ್ಟನ್ನಿನಲ್ಲಿ ಕಂಪನಿ ಹುಟ್ಟಿತು. 1903ರಲ್ಲಿ ಮಾರಾಟವಾದದ್ದು 51 ರೇಜರ್, 168 ಬ್ಲೇಡು. ಮರುವರ್ಷ ತೊಂಬತ್ತು ಸಾವಿರ ರೇಜರ್ ಹೋದವು. ಯುದ್ಧದಲ್ಲಿ ಅಮೆರಿಕ ತನ್ನ ಸೈನಿಕರಿಗೆ 35 ಲಕ್ಷ ರೇಜರ್, ಮೂರು ಕೋಟಿಗೂ ಹೆಚ್ಚು ಬ್ಲೇಡು ಕೊಂಡಿತು. ಮನೆಗೆ ಮರಳಿದ ಸೈನಿಕ ಜೇಬಿನಲ್ಲಿ ಆ ಅಭ್ಯಾಸವನ್ನೂ ತಂದ. ಆಮೇಲಿನದು ಎಣಿಕೆಯ ಪೈಪೋಟಿ. 1971ರಲ್ಲಿ ಒಂದೇ ತಲೆಗೆ ಎರಡು ಅಲಗು, 1998ರಲ್ಲಿ ಮೂರು, 2006ರಲ್ಲಿ ಐದು.

ನಮ್ಮ ದೇಶದ ಮುಖಕ್ಕೆ ಈ ಪೈಪೋಟಿ ಎಷ್ಟು ಹೊಂದುತ್ತದೆ ಎಂಬುದಕ್ಕೆ ಒಂದು ನಿಜಸಂಗತಿ ಇದೆ. 2002ರಲ್ಲಿ ಜಿಲೆಟ್ ಕಂಪನಿ ಭಾರತಕ್ಕೆಂದೇ ಒಂದು ರೇಜರ್ ತಂದಿತು. ಪರೀಕ್ಷೆ ಮಾಡಿದ್ದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ. ಅಲ್ಲಿ ನಲ್ಲಿ ತಿರುಗಿಸಿದರೆ ನೀರು. ಇಲ್ಲಿ ಕೋಟ್ಯಂತರ ಜನ ನೆಲದ ಮೇಲೆ ಕೂತು, ಒಂದು ಲೋಟ ನೀರಿಟ್ಟುಕೊಂಡು, ಸಣ್ಣ ಕನ್ನಡಿ ಹಿಡಿದು ಗಡ್ಡ ತೆಗೆಯುವವರು. ಲೋಟದಲ್ಲಿ ಅದ್ದಿ ಅಲ್ಲಾಡಿಸಿದರೆ ಆ ರೇಜರಿಗೆ ಸಿಕ್ಕಿಕೊಂಡ ಕೂದಲು ಬಿಡಲೇ ಇಲ್ಲ. ಆಮೇಲೆ ಕಂಪನಿಯವರು ಇಲ್ಲಿನ ಮನೆಗಳಿಗೇ ಬಂದು ನೋಡಿ, 2010ರಲ್ಲಿ ಒಂದೇ ಅಲಗಿನ, ಸುಲಭವಾಗಿ ತೊಳೆಯಬಹುದಾದ ರೇಜರನ್ನು 15 ರೂಪಾಯಿಗೆ, ಅದರ ಬ್ಲೇಡನ್ನು 5 ರೂಪಾಯಿಗೆ ಮಾರಿದರು. ಐದು ಅಲಗು ಮಾಡಿದ ಕಂಪನಿಯೇ ನಮ್ಮ ಮುಖಕ್ಕೆ ಒಂದು ಅಲಗು ಸಾಕೆಂದು ಒಪ್ಪಿದ ಹಾಗಾಯಿತು. ನಮ್ಮ ಅಪ್ಪಂದಿರು ಬಳಸಿದ ಎರಡು ಅಂಚಿನ ಬ್ಲೇಡು ಇವತ್ತಿಗೂ ಬೀದಿಯ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಅದರ ರೇಜರ್ ಸರಿಯಾಗಿ ಒರೆಸಿಟ್ಟರೆ ದಶಕಗಟ್ಟಲೆ ಬಾಳುತ್ತದೆ.

ಹಲವು ಅಲಗುಗಳಿಂದ ಇನ್ನೊಂದು ತೊಂದರೆಯಿದೆ. ಮೊದಲ ಅಲಗು ಕೂದಲನ್ನು ಸ್ವಲ್ಪ ಮೇಲಕ್ಕೆಳೆಯುತ್ತದೆ, ಅದು ಒಳಸರಿಯುವ ಮೊದಲೇ ಹಿಂದಿನ ಅಲಗು ಕತ್ತರಿಸುತ್ತದೆ. ಕತ್ತರಿಸಿದ ತುದಿ ಚರ್ಮದ ಮಟ್ಟಕ್ಕಿಂತ ಕೆಳಗೆ ಉಳಿಯುತ್ತದೆ. ಗುಂಗುರು ಕೂದಲಿನವರಿಗೆ ಆ ತುದಿ ಹೊರಬರುವ ದಾರಿಯಲ್ಲಿ ಬಾಗಿ ಚರ್ಮದೊಳಕ್ಕೇ ನಾಟಿಕೊಳ್ಳುತ್ತದೆ. ಕತ್ತಿನ ಮೇಲೆ, ದವಡೆಯ ಕೆಳಗೆ ನಿಮ್ಮಲ್ಲಿ ಎಷ್ಟೋ ಜನಕ್ಕೆ ಏಳುವ ಕೆಂಪು ಗುಳ್ಳೆಗಳಲ್ಲಿ ಹಲವು ಹೀಗೆ ಎದ್ದವು. ಮೊಡವೆ ಎಂದು ಹಿಸುಕಿದರೆ ಕಲೆ ಉಳಿಯುತ್ತದೆ. ಗುಳ್ಳೆ ಎದ್ದಾಗ ಮೂರು ನಾಲ್ಕು ವಾರ ಹೆರೆಯುವುದನ್ನೇ ಬಿಡಿ, ಇಲ್ಲವೇ ಟ್ರಿಮ್ಮರಿನಲ್ಲಿ ಸಣ್ಣಗೆ ಕುರುಚಲು ಉಳಿಯುವ ಹಾಗೆ ತೆಗೆಯಿರಿ. ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಹೆರೆಯುವ ಕೆಲಸ. ಇದರಲ್ಲಿ ಮುಖ್ಯವಾದದ್ದು ನೀರು. ಒಣಗಿದ ಗಡ್ಡದ ಕೂದಲು ಬಲು ಗಟ್ಟಿ. 2020ರಲ್ಲಿ ಎಂಐಟಿಯ ಸಂಶೋಧಕರು ಸೂಕ್ಷ್ಮದರ್ಶಕದಲ್ಲಿ ನೋಡಿ ತೋರಿಸಿದ ಪ್ರಕಾರ, ಉಕ್ಕಿಗಿಂತ ಐವತ್ತು ಪಟ್ಟು ಮೆದುವಾದ ಕೂದಲು ಬ್ಲೇಡಿನ ಅಂಚಿನಿಂದ ಸಣ್ಣ ಚೂರುಗಳನ್ನೇ ಕಿತ್ತುಬಿಡಬಲ್ಲದು. ಬಾಗಿ ತಾಗುವ ಕೂದಲು, ಅಂಚಿನಲ್ಲಿ ಮೊದಲೇ ಇದ್ದ ಕಣ್ಣಿಗೆ ಕಾಣದ ದೋಷ, ಎರಡೂ ಕೂಡಿದ ಕಡೆ ಬ್ಲೇಡು ಮುಕ್ಕಾಗುತ್ತದೆ. ಅದೇ ಕೂದಲು ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಹೀರಿ ಮೆತ್ತಗಾಗುತ್ತದೆ, ಕತ್ತರಿಸಲು ಬೇಕಾದ ಬಲ ಬಹಳ ಕಡಿಮೆಯಾಗುತ್ತದೆ. ಆದ್ದರಿಂದ ಸ್ನಾನ ಆದಮೇಲೆ ಗಡ್ಡ ತೆಗೆಯಿರಿ. ಮೊದಲು ಹೆರೆದು ಆಮೇಲೆ ಸ್ನಾನ ಮಾಡುವುದು ಮನೆಯ ಪದ್ಧತಿಯಾದರೆ, ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ ಹಿಂಡಿ ಮುಖದ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಆಮೇಲೆ ನೊರೆ. ಬ್ರಷ್ಷಿನಲ್ಲಿ ದುಂಡಗೆ ತಿರುಗಿಸುತ್ತ ಹಚ್ಚಿದರೆ ಮಲಗಿದ ಕೂದಲು ಏಳುತ್ತದೆ. ಮೈಸೋಪು ಚರ್ಮವನ್ನು ಒಣಗಿಸುತ್ತದೆ, ಶೇವಿಂಗ್ ಸೋಪೋ ಕ್ರೀಮೋ ಇರಲಿ. ಬೆರಳಾಡಿಸಿ ನಿಮ್ಮ ಕೂದಲು ಯಾವ ಕಡೆಗೆ ಮಲಗಿದೆ ಎಂದು ತಿಳಿದುಕೊಳ್ಳಿ. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿಕ್ಕು, ಕೆಲವರಿಗೆ ಸುಳಿಯೂ ಇರುತ್ತದೆ. ಕೂದಲು ಮಲಗಿದ ಕಡೆಗೇ ಎಳೆಯಿರಿ. ಎರಡು ಅಂಚಿನ ಬ್ಲೇಡಿನ ರೇಜರಾದರೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ರೇಜರಿನ ತೂಕಕ್ಕೇ ಕೆಲಸ ಬಿಡಿ. ಒತ್ತಬೇಡಿ. ಸಣ್ಣಸಣ್ಣ ಎಳೆತ, ಪ್ರತಿ ಎರಡು ಮೂರು ಎಳೆತಕ್ಕೊಮ್ಮೆ ನೀರಿನಲ್ಲಿ ಜಾಲಿಸುವುದು, ಇಷ್ಟೇ. ಸಲೂನಿನಲ್ಲಿ ಉಲ್ಟಾ ಹೊಡೆಸಿಕೊಂಡ ಹಾಗೆ ನುಣ್ಣಗಾಗಬೇಕೆಂಬ ಹಟ ಹದಿನೇಳರ ಚರ್ಮಕ್ಕೆ ಒಳ್ಳೆಯದಲ್ಲ. ಮೊಡವೆಗಳಿದ್ದರೆ ಅವುಗಳ ಮೇಲೆ ಬ್ಲೇಡು ಹಾಯಿಸದೆ ಸುತ್ತ ತೆಗೆಯಿರಿ. ಮುಗಿದ ಮೇಲೆ ತಣ್ಣೀರು, ಉಜ್ಜದೆ ಒತ್ತಿ ಒರೆಸುವುದು, ಉರಿಯದ ಯಾವುದಾದರೂ ಮೆದು ಲೇಪ. ಉರಿದರೇನೇ ಶುದ್ಧವಾಯಿತು ಎಂದುಕೊಳ್ಳಬೇಡಿ. ಆ ಉರಿ ಮದ್ಯಸಾರದ್ದು, ಅದು ಗೀರಿದ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಐದರಿಂದ ಏಳು ಸಲ ಬಳಸಿದ ಬ್ಲೇಡನ್ನು ಬದಲಿಸಿ ಎಂದು ಚರ್ಮವೈದ್ಯರು ಹೇಳುತ್ತಾರೆ. ಎಳೆಯುವಾಗ ಕೂದಲು ಜಗ್ಗಿದಂತಾದರೆ ಇನ್ನೂ ಮೊದಲೇ ಬದಲಿಸಿ. ರೇಜರನ್ನು ಬಚ್ಚಲಿನ ತೇವದಲ್ಲಿ ಬಿಡದೆ ಒಣಗಿಸಿಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಒಬ್ಬರ ರೇಜರ್ ಇನ್ನೊಬ್ಬರದಲ್ಲ, ಅಪ್ಪನದಾದರೂ ಅಣ್ಣನದಾದರೂ ಸರಿ, ಹಾಸ್ಟೆಲಿನ ರೂಮ್‌ಮೇಟಿನದಾದರೂ ಸರಿ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಕಣ್ಣಿಗೆ ಕಾಣದಷ್ಟು ಒಣಗಿದ ರಕ್ತ ಸಾಕು. ಹೆಪಟೈಟಿಸ್ ಸಿ ಕೂಡ ಹಂಚಿಕೊಂಡ ಬ್ಲೇಡಿನಿಂದ ಹರಡಬಲ್ಲದು. ಬಿ ವೈರಸ್ಸಿಗೆ ಲಸಿಕೆ ಇದೆ, ಹಾಕಿಸಿಕೊಂಡಿದ್ದೀರಾ ಎಂದು ಮನೆಯಲ್ಲಿ ಕೇಳಿ. ಕಟಿಂಗ್ ಶಾಪಿಗೆ ಹೋದಾಗ ನಿಮ್ಮ ಕಣ್ಣೆದುರೇ ಹೊಸ ಬ್ಲೇಡು ಮುರಿದು ಹಾಕುತ್ತಾರೆಯೇ ನೋಡಿ. ಹೆಚ್ಚಿನವರು ಈಗ ಹಾಕುತ್ತಾರೆ. ಹಾಕದಿದ್ದರೆ ವಿನಯದಿಂದ ಕೇಳಿ, ಕೇಳಲು ನಾಚಬೇಡಿ. ಪಟಿಕದ ಕಲ್ಲಿನ ಕಡೆಗೂ ಗಮನವಿರಲಿ. ಗೀರಿದ ಜಾಗದಲ್ಲಿ ರಕ್ತ ನಿಲ್ಲಿಸಲು ಅದು ಒಳ್ಳೆಯದೇ. ಆದರೆ ಬೆಳಗಿನಿಂದ ಎಲ್ಲರ ಗಾಯಕ್ಕೂ ಉಜ್ಜಿದ ಒಂದೇ ಕಲ್ಲು ನಿಮ್ಮ ಗಾಯಕ್ಕೆ ಬೇಡ. ಸಣ್ಣ ತುಂಡೊಂದನ್ನು ನೀವೇ ಇಟ್ಟುಕೊಳ್ಳಿ. ಕೊನೆಗೆ ಕತ್ತು ಹಿಡಿದು ಲಟಕ್ಕೆಂದು ತಿರುಗಿಸಲು ಬಂದರೆ ಬೇಡವೆನ್ನಿ. ಆ ಜಗ್ಗಿನಿಂದ ಮೆದುಳಿಗೆ ರಕ್ತ ಒಯ್ಯುವ ನಾಳ ಹರಿದು ಪಾರ್ಶ್ವವಾಯು ಆಗುವುದುಂಟು.

ಆ ಅಂಗಡಿಯಲ್ಲಿ ನಿಂತು ಕೆಲಸ ಮಾಡುವವರ ಬಗ್ಗೆಯೂ ನಾಲ್ಕು ಮಾತು ಹೇಳಬೇಕು. ನಿಮ್ಮ ಕತ್ತಿನ ಮೇಲೆ ಹರಿತವಾದ ಅಲಗನ್ನು ಆಡಿಸಲು ನೀವು ಬಿಟ್ಟುಕೊಡುವಷ್ಟು ನಂಬಿಕೆ ಅವರ ಮೇಲಿದೆ. ಆದರೂ ಅವರ ಕುಲಕಸುಬಿನ ಹೆಸರನ್ನು ನಮ್ಮ ಊರುಗಳಲ್ಲಿ ಬೈಗುಳ ಮಾಡಿಕೊಂಡಿದ್ದೇವೆ. ಇದು ನಾಚಿಕೆಗೇಡು. ಹನ್ನೆರಡನೇ ಶತಮಾನದಲ್ಲಿ ಬಸವಣ್ಣನವರ ಒಡನಾಡಿಯಾಗಿ ವಚನ ಬರೆದ ಹಡಪದ ಅಪ್ಪಣ್ಣನವರನ್ನೂ ಅವರ ಪತ್ನಿ ಲಿಂಗಮ್ಮನವರನ್ನೂ ತಮ್ಮ ಹಿರಿಯರೆಂದು ನೆನೆಯುವ ಜನ ಇವರು. ಮದುವೆಮನೆಗಳಲ್ಲಿ ಮಂಗಳವಾದ್ಯ ನುಡಿಸಿದವರೂ ಈ ಸಮುದಾಯದ ಕಲಾವಿದರೇ. 2020ರಲ್ಲಿ ಲಾಕ್‌ಡೌನ್ ಆಗಿ ಅಂಗಡಿಗಳ ಬಾಗಿಲು ಮುಚ್ಚಿದಾಗ ರಾಜ್ಯ ಸರ್ಕಾರ ಸುಮಾರು 2,30,000 ಕ್ಷೌರಿಕರಿಗೆ ತಲಾ 5,000 ರೂಪಾಯಿ ನೆರವು ಘೋಷಿಸಿತು. ದಿನದ ದುಡಿಮೆಯನ್ನೇ ನೆಚ್ಚಿಕೊಂಡ ಎಷ್ಟು ಸಂಸಾರಗಳು ನಮ್ಮ ತಲೆ, ಗಡ್ಡಗಳ ಮೇಲೆ ನಿಂತಿವೆ ಎಂದು ನಾಡು ಅಂದು ಕಂಡಿತು. ಅವರನ್ನು ಹೆಸರು ಹಿಡಿದು ಮಾತಾಡಿಸಿ, ಹಿರಿಯರಾದರೆ ಅಣ್ಣ ಎನ್ನಿ.

ಇನ್ನೊಂದು ಕಹಿಸತ್ಯವನ್ನೂ ನೀವು ತಿಳಿದಿರಬೇಕು. ನಮ್ಮದೇ ರಾಜ್ಯದ ಕೆಲವು ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ಮಾಡುವುದಿಲ್ಲ ಎನ್ನುವ ಅಂಗಡಿಗಳ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಮಾಡಿದ ಕ್ಷೌರಿಕನಿಗೇ ಊರಿನ ಬಲಿಷ್ಠರು ದಂಡ ಹಾಕಿ ಬಹಿಷ್ಕರಿಸಿದ ಸುದ್ದಿಯೂ ಬಂದಿದೆ. ಸಂವಿಧಾನದ 15ನೇ ವಿಧಿ ಅಂಗಡಿಗಳಲ್ಲಿ ಜಾತಿಭೇದ ಕೂಡದೆನ್ನುತ್ತದೆ. ಅಂಗಡಿ ಎಂಬ ಮಾತಿನ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆ 1948ರ ನವೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಎದ್ದಾಗ, ಜನರಿಗೆ ಸೇವೆ ಕೊಡಲು ಕೂತವರೆಲ್ಲರೂ ಅದರೊಳಗೆ ಬರುತ್ತಾರೆ ಎಂದು ಅಂಬೇಡ್ಕರ್ ಸ್ಪಷ್ಟಪಡಿಸಿದ್ದರು. ಅಸ್ಪೃಶ್ಯತೆಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಿಮ್ಮ ಪಕ್ಕದ ಬೆಂಚಿನ ಗೆಳೆಯನಿಗೆ ಇಲ್ಲದ ಕುರ್ಚಿ ನಿಮ್ಮ ಊರಿನ ಅಂಗಡಿಯಲ್ಲಿದ್ದರೆ, ಆ ಕುರ್ಚಿಯಲ್ಲಿ ನೀವೂ ಕೂರಬೇಡಿ.

ಮನೆಯ ಪದ್ಧತಿಗಳ ಮಾತು ಬಂದರೆ ಜಗಳಕ್ಕೆ ನಿಲ್ಲಬೇಡಿ. ಮಂಗಳವಾರ, ಶನಿವಾರ ಬ್ಲೇಡು ಮುಟ್ಟಬಾರದು ಎನ್ನುವ ಅಜ್ಜಿಯಂದಿರಿದ್ದಾರೆ. ಅಯ್ಯಪ್ಪನ ಮಾಲೆ ಹಾಕಿದವರು ವ್ರತ ಮುಗಿಯುವವರೆಗೆ ಗಡ್ಡ ತೆಗೆಯುವುದಿಲ್ಲ. ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸಬಾರದು ಎಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಆ ಮಾತಿನ ಹಿಂದೆ ಸಾವಿನ ಭಯವಿದೆ, ಮಗನ ನುಣುಪು ಮುಖ ಕಂಡರೆ ತಾಯಿಯ ಎದೆ ಝಲ್ಲೆನ್ನುತ್ತದೆ. ಹಿರಿಯರ ಮನಸ್ಸಿಗಾಗಿ ಒಂದು ದಿನ ಮುಂದೂಡಿದರೆ ನಿಮಗೇನೂ ನಷ್ಟವಿಲ್ಲ. ಧರ್ಮಕ್ಕಾಗಿ ಗಡ್ಡ ಬಿಟ್ಟ ಮುಸ್ಲಿಂ ಗೆಳೆಯನನ್ನಾಗಲಿ ಸಿಖ್ ಗೆಳೆಯನನ್ನಾಗಲಿ ನೋಡಿ ಕೀಟಲೆ ಮಾಡುವುದೂ ಸಲ್ಲದು. ಸೈನ್ಯ, ಪೊಲೀಸ್ ಸೇರುವ ಆಸೆಯಿದ್ದವರು ಅಲ್ಲಿನ ಶಿಸ್ತಿನ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಿ. ವಾಯುಪಡೆಯಲ್ಲಿ ಗಡ್ಡ ಬಿಡುವ ವಿಚಾರ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2016ರಲ್ಲಿ ಪಡೆಯ ನಿಯಮವೇ ಗೆದ್ದಿತು.

ಸಿನಿಮಾ ನೋಡಿ ಗಡ್ಡ ಬಿಡುವುದರಲ್ಲಿ ತಪ್ಪೇನಿಲ್ಲ. ಕೆಜಿಎಫ್ ಬಂದ ಮೇಲೆ ಯಶ್ ಅವರ ಗಡ್ಡ ನಮ್ಮ ಕಾಲೇಜಿನ ಕಾರಿಡಾರಿಗೂ ಬಂತು, ಹಿಂದೆ ಶಂಕರ್ ನಾಗ್ ಅವರ ಗಡ್ಡ ಬಂದ ಹಾಗೆಯೇ. ಒಂದು ಮಾತು ನೆನಪಿರಲಿ. ಕುವೆಂಪು ಅವರ ಮುಖ ನುಣುಪು, ಡಿವಿಜಿ ಅವರಿಗೆ ಮೀಸೆ, ಅನಂತಮೂರ್ತಿ ಅವರಿಗೆ ಬೆಳ್ಳಿಗಡ್ಡ. ಮೂವರನ್ನೂ ನಾವು ಅಳೆಯುವುದು ಅವರು ಬರೆದದ್ದರಿಂದ. ಯಕ್ಷಗಾನದ ರಂಗದಲ್ಲಿ ಮೀಸೆ ತೆಗೆದು ಸ್ತ್ರೀವೇಷ ಕಟ್ಟಿ ರಾತ್ರಿಯಿಡೀ ಕುಣಿದವರ ಕಸುವನ್ನು ಕಂಡವರು ಯಾರೂ ಮೀಸೆಯಿಂದ ಗಂಡಸುತನ ತೂಗಲಾರರು.

ಕೊನೆಯದಾಗಿ, ಬಳಸಿದ ಬ್ಲೇಡು. ಅದನ್ನು ಕಸದ ಬುಟ್ಟಿಗೆ ಹಾಗೇ ಎಸೆದರೆ ಮರುದಿನ ಬೆಳಿಗ್ಗೆ ಅದು ಪೌರಕಾರ್ಮಿಕರೊಬ್ಬರ ಅಂಗೈಯಲ್ಲಿರುತ್ತದೆ. ಕಸ ಬೇರ್ಪಡಿಸುವ ಹೆಣ್ಣುಮಕ್ಕಳ ಕೈಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಚ್ಚಳವಿರುವ ಹಳೆಯ ತಗಡಿನ ಡಬ್ಬಿಯೊಂದಕ್ಕೆ ಸೀಳು ಮಾಡಿ ಬ್ಲೇಡುಗಳನ್ನು ಅದರೊಳಗೆ ಹಾಕುತ್ತ ಬನ್ನಿ. ತುಂಬುವುದಕ್ಕೆ ವರ್ಷಗಳೇ ಬೇಕು. ತುಂಬಿದ ಮೇಲೆ ಬಾಯಿ ಬಿಗಿದು, ಮೇಲೆ ಬ್ಲೇಡು ಎಂದು ಬರೆದು, ಬೇರೆಯಾಗಿ ಕೈಗೆ ಕೊಡಿ. ಅಲಗುಗಳಿಗೆ ಪ್ಲಾಸ್ಟಿಕ್ ಅಂಟಿಸಿದ ತಲೆಗಳು ಕರಗಿಸಲು ಬಾರದ ಕಸ. ಬರಿ ಉಕ್ಕಿನ ಬ್ಲೇಡನ್ನು ಮತ್ತೆ ಕರಗಿಸಬಹುದು. ಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇಷ್ಟು ಕಲಿತ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಹಾಸ್ಟೆಲಿನಲ್ಲಿ ನಿಮಗಿಂತ ಚಿಕ್ಕವನೊಬ್ಬ ಇರುತ್ತಾನೆ. ಅವನ ಮೇಲ್ತುಟಿ ಕಪ್ಪಾದಾಗ ನಗಬೇಡಿ. ಜೊತೆಗೆ ಕೂರಿಸಿಕೊಂಡು ಬಿಸಿನೀರು ಕೊಡಿ, ಹೊಸ ಬ್ಲೇಡು ಹಾಕಿ ಕೊಡಿ, ಹೇಗೆ ಹಿಡಿಯಬೇಕು ತೋರಿಸಿ. ತೆಗೆಯುವುದು ಬೇಡ, ಬಿಡುತ್ತೇನೆ ಎಂದರೆ ಅದಕ್ಕೂ ಹೂಂ ಎನ್ನಿ. ನಿಮಗೆ ಯಾರೂ ಹೇಳಿಕೊಡದಿದ್ದದ್ದನ್ನು ಅವನಿಗೆ ನೀವು ಹೇಳಿಕೊಡಿ.

ನಿಮ್ಮ ಮೇಲೆ ಭರವಸೆಯಿಟ್ಟ,
ನಿಮ್ಮ ಮೇಷ್ಟ್ರು